ನಿಲ್ಲುವುದು, ನೆಗೆಯುವುದು, ಅದುರುವುದು: ಸ್ಮಾರ್ಟ್ ಟಿವಿಯ ದೋಷಪತ್ತೆ ಕ್ರಮದ ವಿಮರ್ಶೆ

ಸ್ಮಾರ್ಟ್ ಟಿವಿಯೊಳಗೇ ಇರುವ ಆ್ಯಪ್‌ಗಳಲ್ಲಿ ವಿಡಿಯೊ ಸರಾಗವಾಗಿ ಓಡದಿದ್ದಾಗ ಕನ್ನಡದ ಮನೆಗಳಲ್ಲಿ ಕೇಳಿಬರುವ ದೂರು ಸಾಮಾನ್ಯವಾಗಿ ಒಂದೇ: ‘ಸ್ಟ್ರಕ್ ಆಗ್ತಿದೆ’. ಚಿತ್ರ ನಿಂತು ಪರದೆಯ ನಡುವೆ ಚಕ್ರ ಸುತ್ತತೊಡಗಿದರೂ, ಮಾತು ಮುಂದೆ ಹೋಗಿ ಚಿತ್ರ ಹಿಂದುಳಿದರೂ, ಕ್ಯಾಮೆರಾ ಪಕ್ಕಕ್ಕೆ ತಿರುಗುವಾಗ ಮಾತ್ರ ದೃಶ್ಯ ಅದುರಿದರೂ ಬಳಸುವುದು ಆ ಒಂದೇ ಮಾತನ್ನು. ಸಹಾಯವಾಣಿಗಳೂ ಕೈಪಿಡಿಗಳೂ ಇದಕ್ಕೆ ಕೊಡುವ ಉತ್ತರವೂ ಬಹುಮಟ್ಟಿಗೆ ಒಂದೇ: ಟಿವಿ ರೀಸ್ಟಾರ್ಟ್ ಮಾಡಿ, ಆ್ಯಪ್‌ನ ಕ್ಯಾಶ್ ಅಳಿಸಿ, ಇಂಟರ್‌ನೆಟ್ ವೇಗ ನೋಡಿ, ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ, ಆಗಲೂ ಸರಿಹೋಗದಿದ್ದರೆ ಫ್ಯಾಕ್ಟರಿ ರೀಸೆಟ್ ಮಾಡಿ. ಈ ಒಂದೊಂದು ಕ್ರಮಕ್ಕೂ ತನ್ನದೇ ಉಪಯೋಗವಿದೆ. ಕೊರತೆ ಇರುವುದು ಪಟ್ಟಿಯನ್ನು ಕಟ್ಟಿರುವ ರೀತಿಯಲ್ಲಿ. ರೋಗ ಯಾವುದೆಂದು ಕೇಳುವ ಮೊದಲೇ ಅದು ಮದ್ದು ಅರೆಯತೊಡಗುತ್ತದೆ, ಒಂದಕ್ಕೊಂದು ಸಂಬಂಧವಿಲ್ಲದ ಮೂರು ದೋಷಗಳನ್ನು ಒಂದೇ ಎಂದೆಣಿಸಿ ಹೊಣೆಯನ್ನು ಹೆಚ್ಚಾಗಿ ಇಂಟರ್‌ನೆಟ್ಟಿನ ಮೇಲೆಯೇ ಹಾಕುತ್ತದೆ.

ಈ ಮೂರನ್ನು ಬೇರೆಬೇರೆಯಾಗಿ ಗುರುತಿಸಲು ಯಾವ ಉಪಕರಣವೂ ಬೇಕಿಲ್ಲ. ಕಣ್ಣು ಕಿವಿಗಳೇ ಸಾಕು. ಚಿತ್ರವೂ ಧ್ವನಿಯೂ ಒಟ್ಟಿಗೆ ನಿಂತು ಸ್ವಲ್ಪ ಹೊತ್ತಿನ ಬಳಿಕ ಒಟ್ಟಿಗೆ ಮುಂದುವರಿದರೆ ದತ್ತಾಂಶ ಟಿವಿಯನ್ನು ತಲುಪುತ್ತಿಲ್ಲ ಎಂದರ್ಥ. ಧ್ವನಿ ತಡೆಯಿಲ್ಲದೆ ಹರಿಯುತ್ತಿದ್ದು ಚಿತ್ರ ಮಾತ್ರ ನೆಗೆನೆಗೆದು ಹೋಗುತ್ತಿದ್ದರೆ, ದತ್ತಾಂಶ ಬಂದಿದೆ, ಅದನ್ನು ಬಿಡಿಸಿ ಚಿತ್ರವಾಗಿಸುವ ಶಕ್ತಿ ಟಿವಿಯ ಚಿಪ್ಪಿಗೆ ಸಾಲುತ್ತಿಲ್ಲ. ಎರಡೂ ಸರಿಯಿದ್ದು, ನಿಧಾನವಾಗಿ ಸರಿಯುವ ದೃಶ್ಯಗಳಲ್ಲಿ ಮತ್ತು ಮೇಲಕ್ಕೇರುವ ಹೆಸರುಗಳ ಸಾಲಿನಲ್ಲಿ ಮಾತ್ರ ಒಂದೇ ಲಯದ ಅದುರು ಕಂಡರೆ, ಅಲ್ಲಿ ತಪ್ಪಿರುವುದು ವಿಡಿಯೊದ ವೇಗಕ್ಕೂ ಪರದೆಯ ವೇಗಕ್ಕೂ ಇರಬೇಕಾದ ತಾಳ.

ಮೊದಲನೆಯ ದೋಷದ ವಿಷಯದಲ್ಲಿ ರೂಢಿಯ ಸಲಹೆ ಗುರಿಯ ಹತ್ತಿರ ಬರುತ್ತದೆ, ಆದರೆ ಅಳೆಯುವ ಜಾಗದಲ್ಲಿ ಎಡವುತ್ತದೆ. ಇಂದಿನ ವಿಡಿಯೊ ಸೇವೆಗಳು ಚಿತ್ರವನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕನ್ನೂ ಹಲವು ಗುಣಮಟ್ಟಗಳಲ್ಲಿ ಸಿದ್ಧವಾಗಿಟ್ಟಿರುತ್ತವೆ. ಸಂಪರ್ಕದ ಸ್ಥಿತಿ ನೋಡಿಕೊಂಡು ಆ್ಯಪ್ ತನಗೆ ನಿಲುಕುವ ಗುಣಮಟ್ಟದ ತುಣುಕನ್ನು ತರಿಸಿಕೊಂಡು ಮುಂದಿನ ಕೆಲವು ಸೆಕೆಂಡುಗಳಿಗಾಗುವಷ್ಟನ್ನು ಕೂಡಿಟ್ಟುಕೊಳ್ಳುತ್ತದೆ. ಈ ಕೂಡಿಟ್ಟ ದಾಸ್ತಾನಿಗೆ ಬಫರ್ ಎಂದು ಹೆಸರು, ಚಕ್ರ ಸುತ್ತುವುದು ಅದು ಬರಿದಾದಾಗ. ನೆಟ್‌ಫ್ಲಿಕ್ಸ್ ತನ್ನ 4ಕೆ ವಿಡಿಯೊಗೆ ಸೂಚಿಸುವ ವೇಗ ಸೆಕೆಂಡಿಗೆ 15 ಮೆಗಾಬಿಟ್, 1080ಪಿ ಗುಣಮಟ್ಟಕ್ಕೆ 5 ಮೆಗಾಬಿಟ್. ನೂರು ಮೆಗಾಬಿಟ್ಟಿನ ಫೈಬರ್ ಇರುವ ಮನೆಯಲ್ಲೂ ಚಕ್ರ ಸುತ್ತುತ್ತದೆಯೆಂದರೆ ಕೊರತೆಯಿರುವುದು ಹೆಚ್ಚಾಗಿ ವೇಗದಲ್ಲಲ್ಲ, ಮೋಡೆಮ್‌ನಿಂದ ಟಿವಿಯವರೆಗಿನ ಕೊನೆಯ ಕೆಲವು ಅಡಿಗಳಲ್ಲಿ. ವೇಗವನ್ನು ಪರೀಕ್ಷಿಸುವವರು ಮೊಬೈಲನ್ನು ಕೈಯಲ್ಲಿ ಹಿಡಿದು ಮೋಡೆಮ್ ಪಕ್ಕದಲ್ಲೇ ನಿಂತು ಪರೀಕ್ಷಿಸುತ್ತಾರೆ; ಗೋಡೆಗೆ ಅಂಟಿಕೊಂಡ ಟಿವಿಯ ಬೆನ್ನೊಳಗಿರುವ ಚಿಕ್ಕ ಆಂಟೆನಾಕ್ಕೆ, ನಡುವೆ ಎರಡು ಗೋಡೆಗಳನ್ನು ದಾಟಿ ಬಂದ ಸಂಕೇತ ಎಷ್ಟು ಸಿಕ್ಕುತ್ತಿದೆ ಎಂಬುದನ್ನು ಆ ಸಂಖ್ಯೆ ಹೇಳಲಾರದು. ಅಳತೆಯನ್ನು ಟಿವಿಯ ಮೇಲೆಯೇ, ಅದರ ಬ್ರೌಸರ್‌ನಲ್ಲಿ ಅಥವಾ ಆ್ಯಪ್‌ನೊಳಗಿನ ನೆಟ್‌ವರ್ಕ್ ಪರೀಕ್ಷೆಯಲ್ಲಿ, ಚಿತ್ರ ನಿಲ್ಲುವ ಹೊತ್ತಿನಲ್ಲೇ ಮಾಡಬೇಕು. ವೈಫೈಯ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ ಇರುವುದರಿಂದ ಅಕ್ಕಪಕ್ಕದ ಮನೆಗಳ ಮೋಡೆಮ್‌ಗಳು ಅಲ್ಲಿ ಪರಸ್ಪರ ಅಡ್ಡಬರುತ್ತವೆ. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಹೆಚ್ಚು, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. ಈ ಎರಡರ ತೊಡಕನ್ನೂ ಒಟ್ಟಿಗೆ ತಪ್ಪಿಸುವುದು ಮೋಡೆಮ್‌ನಿಂದ ಟಿವಿಗೆ ಎಳೆದ ನೆಟ್‌ವರ್ಕ್ ಕೇಬಲ್. ಬಹುಪಾಲು ಟಿವಿಗಳ ಕೇಬಲ್ ಪೋರ್ಟ್ ಸೆಕೆಂಡಿಗೆ 100 ಮೆಗಾಬಿಟ್ ಮಾತ್ರ ಒಯ್ಯಬಲ್ಲದೆಂದು ಅದನ್ನು ತಳ್ಳಿಹಾಕುವವರಿದ್ದಾರೆ. ಬೇಕಾಗಿರುವುದು 15 ಆಗಿರುವಾಗ, ಏರಿಳಿತವಿಲ್ಲದ 100 ಎಷ್ಟೋ ಮೇಲು.

ಕ್ರಿಕೆಟ್‌ನ ನೇರ ಪ್ರಸಾರದಲ್ಲಿ ಈ ದೋಷ ಬೇಗ ಬಯಲಾಗುವುದಕ್ಕೂ ಕಾರಣ ಬಫರೇ: ಮುಂದಿನ ಎಸೆತ ಇನ್ನೂ ನಡೆದೇ ಇಲ್ಲವಾದ್ದರಿಂದ ಅದನ್ನು ಮೊದಲೇ ಕೂಡಿಟ್ಟುಕೊಳ್ಳುವಂತಿಲ್ಲ, ದಾಸ್ತಾನು ಸದಾ ತೆಳುವಾಗಿರುತ್ತದೆ. ಹೀಗಾಗಿ ಸಿನಿಮಾ ಸರಿಯಾಗಿ ಓಡುವ ಟಿವಿಯಲ್ಲೇ ಕ್ರಿಕೆಟ್ ನಿಂತರೆ ಟಿವಿ ಕೆಟ್ಟಿದೆಯೆಂದು ತೀರ್ಮಾನಿಸುವುದು ಆತುರವಾಗುತ್ತದೆ.

ಎರಡನೆಯ ದೋಷವನ್ನು ರೂಢಿಯ ಪಟ್ಟಿ ಹೆಸರಿಸುವುದೇ ಅಪರೂಪ, ಆದರೆ ಅದನ್ನು ಪತ್ತೆಹಚ್ಚುವ ಅತ್ಯುತ್ತಮ ಸಾಧನ ಯೂಟ್ಯೂಬ್ ಆ್ಯಪ್‌ನಲ್ಲೇ ಇದೆ. ಸೆಟ್ಟಿಂಗ್ಸ್‌ನಲ್ಲಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ಎಂಬುದನ್ನು ಒತ್ತಿದರೆ ಪರದೆಯ ಮೂಲೆಯಲ್ಲಿ ಕಪ್ಪು ಪಟ್ಟಿಯೊಂದು ತೆರೆದುಕೊಳ್ಳುತ್ತದೆ. ಬಫರ್‌ನಲ್ಲಿ ಎಷ್ಟು ಸೆಕೆಂಡಿನ ವಿಡಿಯೊ ಉಳಿದಿದೆ, ಯಾವ ಕೋಡೆಕ್ ಬಳಕೆಯಲ್ಲಿದೆ, ಒಟ್ಟು ಫ್ರೇಮ್‌ಗಳಲ್ಲಿ ಎಷ್ಟು ಕೈಬಿಟ್ಟುಹೋಗಿವೆ ಎಂಬುದೆಲ್ಲ ಅಲ್ಲಿ ಕ್ಷಣಕ್ಷಣಕ್ಕೂ ಬದಲಾಗುತ್ತಿರುತ್ತದೆ. ಫ್ರೇಮ್ ಎಂದರೆ ಚಲನೆಯ ಭ್ರಮೆ ಹುಟ್ಟಿಸುವ ಬಿಡಿ ಚಿತ್ರ. ಕೋಡೆಕ್ ಎಂದರೆ ಆ ಚಿತ್ರಗಳನ್ನು ಅಡಕಗೊಳಿಸಿ ಮತ್ತೆ ಬಿಡಿಸುವ ಪದ್ಧತಿ. ಬಫರ್‌ನಲ್ಲಿ ಮೂವತ್ತು ಸೆಕೆಂಡು ತುಂಬಿದ್ದೂ ಕೈಬಿಟ್ಟ ಫ್ರೇಮ್‌ಗಳ ಸಂಖ್ಯೆ ಕಣ್ಣೆದುರೇ ಏರುತ್ತಿದ್ದರೆ ಇಂಟರ್‌ನೆಟ್ ನಿರಪರಾಧಿ ಎಂಬುದು ಅಲ್ಲಿಗೆ ಸಾಬೀತಾಗುತ್ತದೆ, ಪ್ಲಾನ್ ಬದಲಿಸಿ ತಿಂಗಳ ಬಿಲ್ ಏರಿಸಿಕೊಳ್ಳುವ ಅಗತ್ಯವೂ ತಪ್ಪುತ್ತದೆ. 2003ರ ಎಚ್.264, 2013ರ ವಿಪಿ9, 2018ರ ಎವಿ1 ಎಂಬ ಕೋಡೆಕ್‌ಗಳಲ್ಲಿ ಹೊಸದು ಬಂದಂತೆಲ್ಲ ಅಡಕ ಬಿಗಿಯಾಗಿದೆ, ಬಿಡಿಸುವ ಶ್ರಮ ಹೆಚ್ಚಾಗಿದೆ. ಟಿವಿಯ ಚಿಪ್ ಮಾತ್ರ ಕೊಂಡ ದಿನ ಇದ್ದಲ್ಲೇ ಇರುತ್ತದೆ. ಒಂದು ಗಿಗಾಬೈಟ್ ರ‍್ಯಾಮ್‌ನ ಅಗ್ಗದ ಟಿವಿಯಲ್ಲಿ ಹಿನ್ನೆಲೆಯಲ್ಲಿ ತೆರೆದೇ ಉಳಿದ ಆ್ಯಪ್‌ಗಳೂ ಅದೇ ಜಾಗಕ್ಕೆ ಪೈಪೋಟಿ ನಡೆಸುತ್ತವೆ. ರೀಸ್ಟಾರ್ಟ್ ಸಲಹೆ ನಿಜವಾಗಿ ಫಲ ಕೊಡುವುದು ಇಲ್ಲಿ, ಆದರೆ ಅದನ್ನು ವಿವರಿಸದೆ ಹೇಳುವುದರಿಂದ ಫಲ ಕೈತಪ್ಪುತ್ತದೆ: ರಿಮೋಟಿನ ಕೆಂಪು ಗುಂಡಿ ಒತ್ತಿದರೆ ಟಿವಿ ಸಾಮಾನ್ಯವಾಗಿ ಅರೆನಿದ್ದೆಗೆ ಜಾರುತ್ತದೆಯೇ ಹೊರತು ಆರುವುದಿಲ್ಲ, ತುಂಬಿದ ಮೆಮೊರಿ ಹಾಗೆಯೇ ಉಳಿಯುತ್ತದೆ. ಪ್ಲಗ್ ಕಿತ್ತು ಒಂದೆರಡು ನಿಮಿಷ ಬಿಟ್ಟು ಮತ್ತೆ ಹಾಕಿದರೆ ಅದು ಹೊಸದಾಗಿ ಏಳುತ್ತದೆ.

ಮೂರನೆಯ ದೋಷ ಎಲ್ಲಕ್ಕಿಂತ ಸೂಕ್ಷ್ಮವಾದದ್ದು, ಭಾರತದ ವೀಕ್ಷಕರಿಗೆ ಎಲ್ಲಕ್ಕಿಂತ ಹತ್ತಿರದ್ದು, ಮತ್ತು ಸಲಹೆಗಳ ಪಟ್ಟಿಯಲ್ಲಿ ಜಾಗವೇ ಸಿಗದಿರುವಂಥದ್ದು. ಸಿನಿಮಾ ಸೆಕೆಂಡಿಗೆ 24 ಫ್ರೇಮ್‌ಗಳ ಕಲೆ. ಟಿವಿಯ ಆ್ಯಪ್‌ಗಳು ಪರದೆಯನ್ನು ಸಾಮಾನ್ಯವಾಗಿ ಸೆಕೆಂಡಿಗೆ 60 ಸಲ ಬರೆಯಿಸುತ್ತವೆ. 60 ಎಂಬುದು 24ರಿಂದ ಭಾಗವಾಗುವುದಿಲ್ಲವಾದ್ದರಿಂದ ಒಂದು ಫ್ರೇಮ್ ಮೂರು ಸಲ, ಮುಂದಿನದು ಎರಡು ಸಲ ಎಂಬ ಕುಂಟು ನಡಿಗೆ ಹುಟ್ಟುತ್ತದೆ. ಭಾರತದ ಟಿವಿ ಪ್ರಸಾರ ಬೆಳೆದದ್ದು 50 ಹರ್ಟ್ಸ್ ವಿದ್ಯುತ್ತಿಗೆ ಹೊಂದಿಕೊಂಡ, ಸೆಕೆಂಡಿಗೆ 25 ಫ್ರೇಮ್‌ಗಳ ಪಾಲ್ ಪದ್ಧತಿಯಲ್ಲಿ; ಕನ್ನಡ ವಾಹಿನಿಗಳ ಧಾರಾವಾಹಿಗಳದೂ ಅದೇ ಪರಂಪರೆ. 25 ಫ್ರೇಮ್‌ಗಳನ್ನು 60ಕ್ಕೆ ಹಂಚಿದಾಗ ಪ್ರತಿ ಐದು ಫ್ರೇಮ್‌ಗಳಲ್ಲಿ ಮೂರು ಎರಡೆರಡು ಸಲ, ಉಳಿದೆರಡು ಮೂರುಮೂರು ಸಲ ಕಾಣಿಸಿಕೊಳ್ಳುತ್ತವೆ. ಮನೆಯ ನಡುಮನೆಯನ್ನು ಎಡದಿಂದ ಬಲಕ್ಕೆ ನಿಧಾನವಾಗಿ ತೋರಿಸುವ ಒಂದು ಶಾಟ್‌ನಲ್ಲಿ ಕಂಬಗಳು ಜಾರುವ ಬದಲು ಜಗ್ಗಿಜಗ್ಗಿ ಸರಿಯುತ್ತವೆ. ಅದೇ ಧಾರಾವಾಹಿ ಸೆಟ್‌ಟಾಪ್ ಬಾಕ್ಸಿನಿಂದ ಬಂದಾಗ ಪರದೆ 50ರ ತಾಳಕ್ಕೆ ಹೊಂದಿಕೊಂಡರೆ ಪ್ರತಿ ಫ್ರೇಮೂ ಸರಿಯಾಗಿ ಎರಡೆರಡು ಸಲ ಬರುತ್ತದೆ. ‘ಕೇಬಲ್‌ನಲ್ಲಿ ಚೆನ್ನಾಗಿದೆ, ಆ್ಯಪ್‌ನಲ್ಲಿ ಚೆನ್ನಾಗಿಲ್ಲ’ ಎಂದು ಹಿರಿಯರು ಹೇಳುವಾಗ ಅವರ ಕಣ್ಣು ಈ ವ್ಯತ್ಯಾಸವನ್ನೇ ಹಿಡಿದಿರಬಹುದು. ಅದನ್ನು ಅಭ್ಯಾಸಬಲವೆಂದು ಬದಿಗೆ ಸರಿಸುವುದು ಅನ್ಯಾಯ. 120 ಹರ್ಟ್ಸ್ ಪರದೆ ಸಿನಿಮಾದ ತೊಡಕನ್ನು ಬಿಡಿಸಬಲ್ಲದು, ಏಕೆಂದರೆ 24ರ ಐದು ಪಟ್ಟು 120. ಆದರೆ 25 ಅದನ್ನೂ ಸಮವಾಗಿ ಭಾಗಿಸದು.

ಈ ಅದುರನ್ನು ಮರೆಮಾಡಲು ತಯಾರಕರು ಒದಗಿಸುವ ಉಪಾಯ, ಎರಡು ಫ್ರೇಮ್‌ಗಳ ನಡುವೆ ಇಲ್ಲದ ಫ್ರೇಮನ್ನು ಊಹಿಸಿ ತುಂಬುವುದು. ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ ಎಂದು ಅದಕ್ಕೆ ಹೆಸರು. ಊಹೆ ತಪ್ಪಿದಾಗ ಓಡುವವನ ಕೈಯಂಚು ಹರಿದಂತೆ ಕಾಣುತ್ತದೆ, ಸರಿಯಾದಾಗಲೂ ಸಿನಿಮಾ ವಿಡಿಯೊ ಚಿತ್ರೀಕರಣದಂತೆ ಪೇಲವವಾಗುತ್ತದೆ. 2018ರ ಡಿಸೆಂಬರ್‌ನಲ್ಲಿ ನಟ ಟಾಮ್ ಕ್ರೂಸ್ ಮತ್ತು ನಿರ್ದೇಶಕ ಕ್ರಿಸ್ಟೋಫರ್ ಮೆಕ್ವಾರಿ ಇದನ್ನು ಆಫ್ ಮಾಡಿಡಿರೆಂದು ವೀಕ್ಷಕರನ್ನು ಕೋರಿದ್ದು ಈ ಕಾರಣಕ್ಕೇ. ಸರಿಯಾದ ಪರಿಹಾರವೆಂದರೆ ವಿಡಿಯೊದ ವೇಗಕ್ಕೆ ಪರದೆಯ ವೇಗವನ್ನೇ ಬದಲಿಸುವುದು. ಆ್ಯಪಲ್ ಟಿವಿ ಪೆಟ್ಟಿಗೆಗೆ ಈ ಸೌಲಭ್ಯ 2017ರಲ್ಲಿ, ಆಂಡ್ರಾಯ್ಡ್ ಟಿವಿಗೆ ಅದರ 12ನೆಯ ಆವೃತ್ತಿಯಲ್ಲಿ ಬಂತು. ಆದರೆ ಆ್ಯಪ್ ಅದನ್ನು ಬಳಸಿಕೊಂಡರಷ್ಟೇ ಕೆಲಸ ಮಾಡುತ್ತದೆ, ಮತ್ತು ಅದು ಸೆಟ್ಟಿಂಗ್ಸ್‌ನ ಎಷ್ಟೋ ಮೆಟ್ಟಿಲು ಕೆಳಗೆ ಅಡಗಿ ಕೂತಿರುತ್ತದೆ.

ಇಷ್ಟೆಲ್ಲ ತಿಳಿದ ಮೇಲೆ ಫ್ಯಾಕ್ಟರಿ ರೀಸೆಟ್‌ ಅನ್ನು ನಿರುಪದ್ರವಿ ಎಂದು ಒಪ್ಪುವುದು ಕಷ್ಟ. ಅದು ಕೆಟ್ಟುಹೋದ ಸಾಫ್ಟ್‌ವೇರನ್ನು ಸರಿಪಡಿಸಬಲ್ಲದು. ಗೋಡೆಯನ್ನು ತೆಳ್ಳಗೆ ಮಾಡಲಾರದು, ಚಿಪ್ಪಿಗೆ ಹೊಸ ಕೋಡೆಕ್ ಕಲಿಸಲಾರದು, 60ನ್ನು 25ರಿಂದ ಭಾಗಿಸಲಾರದು. ಅದರ ಬೆಲೆ ತೆರುವವರು, ಮಕ್ಕಳು ಊರಿಗೆ ಬಂದಾಗ ಕೂಡಿಸಿಕೊಟ್ಟ ಖಾತೆಗಳನ್ನು ನಂಬಿ ಕೂತ ತಂದೆತಾಯಿಯರು. ಅಳಿಸಿಹೋದ ಒಂದೊಂದು ಪಾಸ್‌ವರ್ಡನ್ನೂ ರಿಮೋಟಿನ ಬಾಣದ ಗುಂಡಿಯಿಂದ ಒಂದೊಂದೇ ಅಕ್ಷರ ಹುಡುಕಿ ಮತ್ತೆ ತುಂಬಬೇಕಾದವರು ಅವರು. ಸಹಾಯವಾಣಿಯ ಕಡೆಯವರು ಕೇಳಬೇಕಾದ ಮೊದಲ ಪ್ರಶ್ನೆ ‘ರೀಸ್ಟಾರ್ಟ್ ಮಾಡಿದಿರಾ’ ಎಂಬುದಲ್ಲ, ‘ಚಿತ್ರ ನಿಂತಾಗ ಮಾತು ಕೇಳಿಸುತ್ತಿತ್ತೇ’ ಎಂಬುದು.