ಉಪದೇಶಪೀಠದಿಂದ ಇಳಿದ ಮಾತು: ಕಾಮೂವಿನ ‘ಪ್ಲೇಗ್’ ಕಾದಂಬರಿಯಲ್ಲಿ ಗರ್ವ, ವಿನಯ ಮತ್ತು ದೈವನಂಬಿಕೆ

ಆಸ್ತಿಕನಿಗೂ ನಾಸ್ತಿಕನಿಗೂ ನಡೆಯುವ ವಾದದಲ್ಲಿ ದೇವರು ಇದ್ದಾನೆಯೆ ಇಲ್ಲವೆ ಎಂಬ ಪ್ರಶ್ನೆಯು ಬಹುಬೇಗ ಹಿಂದೆ ಸರಿದು, ಇಬ್ಬರಲ್ಲಿ ಗರ್ವಿ ಯಾರು ಎಂಬ ಪ್ರಶ್ನೆಯು ಮುಂದೆ ಬಂದು ನಿಲ್ಲುವುದುಂಟು. ಸೃಷ್ಟಿಗೊಂಡವನು ಸೃಷ್ಟಿಕರ್ತನನ್ನೇ ಅಲ್ಲಗಳೆಯುವುದಕ್ಕಿಂತ ಹಿರಿದಾದ ಗರ್ವವಾವುದೆಂದು ಕ್ರೈಸ್ತನು ಕೇಳುತ್ತಾನೆ. ಮೇರೆಯಿಲ್ಲದ ಈ ವಿಶ್ವವೆಲ್ಲವೂ ಮನುಷ್ಯನ ಉದ್ಧಾರಕ್ಕಾಗಿಯೇ ನಡೆದಿದೆಯೆಂದೂ, ಅದರ ಒಡೆಯನ ಮನಸ್ಸು ತನಗೆ ಗೊತ್ತಿದೆಯೆಂದೂ ಹೇಳುವವನಿಗಿಂತ ಗರ್ವಿ ಯಾರೆಂದು ನಾಸ್ತಿಕನು ಮರುನುಡಿಯುತ್ತಾನೆ. ಎರಡು ಆಪಾದನೆಗಳೂ ಹಳೆಯವು, ಎರಡರಲ್ಲಿಯೂ ಸತ್ಯಾಂಶವುಂಟು. ಆದರೆ ತರ್ಕದ ಕಣದಲ್ಲಿ ಇವು ಒಂದನ್ನೊಂದು ಹೊಡೆದು ಬೀಳಿಸುವುದಲ್ಲದೆ ಮುಂದಕ್ಕೆ ಒಯ್ಯುವುದಿಲ್ಲ. ಈ ವಾದವನ್ನು ತರ್ಕದಿಂದ ಬಿಡಿಸಿ, ಸಾಯುತ್ತಿರುವ ಒಂದು ಮಗುವಿನ ಹಾಸಿಗೆಯ ಬಳಿಗೆ ತಂದು ನಿಲ್ಲಿಸಿದ ಕೃತಿ ಆಲ್ಬೇರ್ ಕಾಮೂವಿನ ‘ಪ್ಲೇಗ್’ (1947).

ಮೊದಲು ‘ಗರ್ವ’ ಎಂಬ ಮಾತಿನ ಅರ್ಥವನ್ನು ಖಚಿತಪಡಿಸಿಕೊಳ್ಳಬೇಕು. ನಮ್ಮ ದರ್ಶನಗಳಲ್ಲಿ, ಮುಖ್ಯವಾಗಿ ಸಾಂಖ್ಯದಲ್ಲಿ, ‘ಅಹಂಕಾರ’ವೆಂಬುದು ಬುದ್ಧಿಯಿಂದ ಹುಟ್ಟಿದ ಒಂದು ತತ್ತ್ವ, ‘ನಾನು’ ಎಂಬ ಅರಿವನ್ನು ಉಂಟುಮಾಡುವಂಥದು. ಕ್ರೈಸ್ತರು ಹೇಳುವ ಗರ್ವ ಅದಲ್ಲ. ಅದು ಇಚ್ಛೆಯ ದೋಷ. ದೇವರ ಕಡೆಗಿದ್ದ ಮುಖವನ್ನು ತಿರುಗಿಸಿ ತನ್ನ ಕಡೆಗೆ ಮಾಡಿಕೊಳ್ಳುವುದು. ಈ ವಿಚಾರವನ್ನು ಆಳವಾಗಿ ಶೋಧಿಸಿದವನು 354ರಲ್ಲಿ ಉತ್ತರ ಆಫ್ರಿಕದ ತಗಾಸ್ತೆಯಲ್ಲಿ ಹುಟ್ಟಿ ಹಿಪ್ಪೋ ನಗರದ ಬಿಷಪ್ಪನಾದ ಸಂತ ಆಗಸ್ಟೀನ. 410ರಲ್ಲಿ ರೋಮ್ ಸೂರೆಹೋದ ಮೇಲೆ ಅವನು ಬರೆದ ‘ದೇವನಗರಿ’ಯು ಮನುಷ್ಯಕುಲದ ಚರಿತ್ರೆಯನ್ನೇ ಗರ್ವದ ನಗರಿಗೂ ವಿನಯದ ನಗರಿಗೂ ನಡೆದ ಕಥೆಯೆಂದು ಕಂಡಿತು. ಕಾಮೂ ಹುಟ್ಟಿದ್ದು 1913ರಲ್ಲಿ, ಅದೇ ಹಿಪ್ಪೋವಿನ ಸಮೀಪದ ಮೊಂಡೋವಿಯಲ್ಲಿ. 1936ರಲ್ಲಿ ಅವನು ಆಲ್ಜಿಯರ್ಸ್ ವಿಶ್ವವಿದ್ಯಾಲಯಕ್ಕೆ ಬರೆದ ಪ್ರಬಂಧದ ವಿಷಯ ಪ್ಲೊಟೈನಸ್ ಮತ್ತು ಆಗಸ್ಟೀನರ ತತ್ತ್ವ. ಆದಕಾರಣ ನಂಬಿಕೆಯಿಲ್ಲದವನು ಗರ್ವಿಯೆಂಬ ಆಪಾದನೆಯನ್ನು ಕಾಮೂ ಹೊರಗಿನಿಂದ ಕೇಳಿದವನಲ್ಲ. ಅದರ ಮೂಲವನ್ನು ಓದಿ ಬಲ್ಲವನು. ಕಾದಂಬರಿಯ ಪಾದ್ರಿಯಾದ ಪಾನಲೂ ಸಹ ಆಗಸ್ಟೀನನನ್ನೂ ಆಫ್ರಿಕದ ಪ್ರಾಚೀನ ಚರ್ಚನ್ನೂ ಕುರಿತು ಸಂಶೋಧನೆ ಮಾಡುತ್ತಿದ್ದವನೆಂಬುದು ಆಕಸ್ಮಿಕವಲ್ಲ.

ಕಥೆ ಸರಳವಾದುದು. ಆಲ್ಜೀರಿಯದ ಕಡಲತೀರದ ಓರಾನ್ ನಗರಕ್ಕೆ ಪ್ಲೇಗು ಬರುತ್ತದೆ, ಊರಬಾಗಿಲುಗಳು ಮುಚ್ಚುತ್ತವೆ. ಮೊದಲ ತಿಂಗಳು ಮುಗಿಯುವ ಹೊತ್ತಿಗೆ ಪಾನಲೂ ಕಿಕ್ಕಿರಿದ ಚರ್ಚಿನಲ್ಲಿ ಉಪದೇಶ ಮಾಡುತ್ತಾನೆ. ಈ ವಿಪತ್ತು ನಿಮಗೆ ತಕ್ಕುದೇ ಎಂಬುದು ಅವನ ಮಾತಿನ ಸಾರ. ಫರೋಹನ ಈಜಿಪ್ಟಿಗೆ ಬಂದ ಪಿಡುಗನ್ನು ನೆನೆಯುತ್ತಾನೆ. ಕಾಳನ್ನೂ ಹೊಟ್ಟನ್ನೂ ಬೇರ್ಪಡಿಸುವ ಒಕ್ಕಣೆಯ ಚಿತ್ರವನ್ನು ಕಣ್ಣಿಗೆ ಕಟ್ಟಿಸುತ್ತಾನೆ. ಆ ಮಾತುಗಳಲ್ಲಿ ಪಾಂಡಿತ್ಯವಿದೆ, ಓಜಸ್ಸಿದೆ. ವಿನಯವನ್ನು ಬೋಧಿಸುವುದೇ ಅದರ ಉದ್ದೇಶ: ಗರ್ವಿಷ್ಠರು ಮೊಣಕಾಲೂರಬೇಕು. ಆದರೆ ಬೋಧಿಸುವವನು ನಿಂತಿರುವುದು ಎತ್ತರದ ಪೀಠದ ಮೇಲೆ.

ದೇವರನ್ನು ನಂಬದ ವೈದ್ಯ ರಿಯೂ ಈ ಉಪದೇಶವನ್ನು ಕುರಿತು ಹೇಳುವ ಮಾತು ಕಟುವಾದುದಲ್ಲ. ಪಾನಲೂ ಗ್ರಂಥಗಳ ನಡುವೆ ಬಾಳಿದವನು. ಸಾವನ್ನು ಸಾಕಷ್ಟು ಹತ್ತಿರದಿಂದ ಕಂಡಿಲ್ಲ. ಹಳ್ಳಿಯ ಬಡ ಪಾದ್ರಿಯೊಬ್ಬನಾಗಿದ್ದರೆ ನೋವಿನ ಹಿರಿಮೆಯನ್ನು ಸ್ಥಾಪಿಸುವ ಮೊದಲು ನೋವನ್ನು ಕಡಮೆಮಾಡಲು ಹೊರಡುತ್ತಿದ್ದನು ಎಂಬುದು ಅವನ ಅಭಿಪ್ರಾಯ. ಸರ್ವಶಕ್ತನಾದ ದೇವರನ್ನು ನಿಜವಾಗಿ ನಂಬಿದ್ದರೆ ತಾನು ಚಿಕಿತ್ಸೆಯನ್ನೇ ಬಿಟ್ಟು ಆ ಚಿಂತೆಯನ್ನು ಅವನಿಗೇ ಒಪ್ಪಿಸುತ್ತಿದ್ದೆನೆಂದೂ ಅವನು ಹೇಳುತ್ತಾನೆ. ಇದು ಗರ್ವದ ಮಾತೆಂದು ಎದುರಿಗಿದ್ದವನಿಗೆ ತೋರಬಹುದೆಂದು ಅವನೇ ಊಹಿಸಿ, ಅಗತ್ಯವಿರುವಷ್ಟು ಗರ್ವ ಮಾತ್ರ ತನ್ನಲ್ಲಿದೆಯೆಂದು ಉತ್ತರಿಸುತ್ತಾನೆ. ಮುಂದೇನೆಂದು ಅವನಿಗೆ ತಿಳಿಯದು. ಎದುರಿಗೆ ರೋಗಿಗಳಿದ್ದಾರೆ, ವಾಸಿಮಾಡಬೇಕು, ಅಷ್ಟೆ. ಕೈಕಟ್ಟಿ ಕೂರದಿರುವುದಕ್ಕೆ ಬೇಕಾದಷ್ಟು ಆತ್ಮವಿಶ್ವಾಸ, ಗೆಲುವು ತನ್ನದಲ್ಲವೆಂಬ ಅರಿವು, ಇವೆರಡೂ ಒಂದೆಡೆ ಕೂಡಿದ ಈ ಸ್ಥಿತಿಗೆ ಗರ್ವವೆಂದೂ ಹೆಸರಿಡಲಾಗದು, ವಿನಯವೆಂದೂ ಸುಲಭವಾಗಿ ಹೇಳಲಾಗದು.

ಕೃತಿಯ ತಿರುವು ನ್ಯಾಯಾಧೀಶ ಒತೋನನ ಪುಟ್ಟ ಮಗನ ಸಾವು. ಅಷ್ಟು ಹೊತ್ತಿಗೆ ಪಾನಲೂ ಸ್ವಯಂಸೇವಕರ ತಂಡವನ್ನು ಸೇರಿ ರೋಗಿಗಳ ನಡುವೆ ದುಡಿಯುತ್ತಿದ್ದಾನೆ. ಮಗು ನರಳುತ್ತಿರುವಾಗ ಅವನು ಮೊಣಕಾಲೂರಿ ಅದನ್ನು ಉಳಿಸೆಂದು ಬೇಡುತ್ತಾನೆ. ಮಗು ಉಳಿಯುವುದಿಲ್ಲ. ಈ ಮಗುವಾದರೂ ನಿರಪರಾಧಿಯಾಗಿತ್ತೆಂದು ರಿಯೂ ಪಾದ್ರಿಯ ಮೇಲೆ ಸಿಡಿದೇಳುತ್ತಾನೆ. ಅನಂತರ ಕ್ಷಮೆ ಬೇಡುತ್ತಾನೆ. ನಮಗೆ ತಿಳಿಯಲಾಗದುದನ್ನೂ ಪ್ರೀತಿಸಬೇಕೇನೋ ಎಂಬುದು ಪಾದ್ರಿಯ ಮಾತು. ಮಕ್ಕಳು ಹಿಂಸೆಗೊಳಗಾಗುವ ಸೃಷ್ಟಿಯನ್ನು ಸಾಯುವವರೆಗೂ ಪ್ರೀತಿಸಲಾರೆನೆಂಬುದು ವೈದ್ಯನ ಮಾತು. ವಾದ ಮುಗಿಯುವುದಿಲ್ಲ, ಆದರೆ ದೇವರು ಸಹ ಈಗ ತಮ್ಮಿಬ್ಬರನ್ನು ಅಗಲಿಸಲಾರನೆಂದು ಹೇಳುವವನು ನಾಸ್ತಿಕನೇ.

ಪಾನಲೂವಿನ ಎರಡನೆಯ ಉಪದೇಶವು ಇದಾದ ಮೇಲಿನದು. ಕೇಳುವವರು ಮೊದಲಿಗಿಂತ ಕಡಮೆ, ಧ್ವನಿ ಮೃದು, ಮಾತು ಅಲ್ಲಲ್ಲಿ ತಡವರಿಸುತ್ತದೆ. ಹಿಂದೆ ತಾನಾಡಿದುದರಲ್ಲಿ ಕರುಣೆಯ ಕೊರತೆಯಿದ್ದಿರಬಹುದೆಂದು ಅವನು ಒಪ್ಪಿಕೊಳ್ಳುತ್ತಾನೆ. ಎಲ್ಲಕ್ಕಿಂತ ಮಿಗಿಲಾಗಿ, ಈಗ ಅವನು ‘ನೀವು’ ಎನ್ನುವುದಿಲ್ಲ, ‘ನಾವು’ ಎನ್ನುತ್ತಾನೆ. ಕಾದಂಬರಿಕಾರನು ಇದನ್ನು ಒಂದೇ ವಾಕ್ಯದಲ್ಲಿ ಗುರುತಿಸಿ ಮುಂದೆ ಸಾಗುತ್ತಾನೆ. ಆದರೆ ಇಡೀ ಕೃತಿಯ ನೈತಿಕ ಭಾರ ಈ ಸರ್ವನಾಮದ ಮೇಲೆ ನಿಂತಿದೆ. ಪಾನಲೂ ತನ್ನ ಮತತತ್ತ್ವದಲ್ಲಿ ಒಂದಕ್ಷರವನ್ನೂ ಬಿಟ್ಟುಕೊಟ್ಟಿಲ್ಲ. ಅವನು ಬಿಟ್ಟುಕೊಟ್ಟದ್ದು ತಾನು ನಿಂತಿದ್ದ ಎತ್ತರವನ್ನು. ಗರ್ವವು ನಂಬಿಕೆಯಲ್ಲಿಯೂ ಇಲ್ಲ, ಅಪನಂಬಿಕೆಯಲ್ಲಿಯೂ ಇಲ್ಲ. ಇನ್ನೊಬ್ಬನ ನೋವಿಗೆ ದೂರದಲ್ಲಿ ನಿಂತು ಅರ್ಥ ಹೇಳುವುದರಲ್ಲಿದೆ. ಕೃತಿಯ ದರ್ಶನವನ್ನು ಹೀಗೆ ಸಂಗ್ರಹಿಸಬಹುದು.

ಆದರೆ ಪಾನಲೂವಿನ ವಿನಯವು ಅಲ್ಲಿಗೇ ನಿಲ್ಲುವುದಿಲ್ಲ. ಎಲ್ಲವನ್ನೂ ಒಪ್ಪಬೇಕು, ಇಲ್ಲವೆ ಎಲ್ಲವನ್ನೂ ನಿರಾಕರಿಸಬೇಕು ಎಂಬ ತುದಿಗೆ ಅವನು ಹೋಗುತ್ತಾನೆ. ಮಾರ್ಸೇಯ ಪ್ಲೇಗಿನಲ್ಲಿ ಒಂದು ಮಠದ 81 ಸಂನ್ಯಾಸಿಗಳಲ್ಲಿ ನಾಲ್ವರು ಮಾತ್ರ ಉಳಿದು, ಅವರಲ್ಲಿ ಮೂವರು ಓಡಿಹೋದ ಕಥೆಯನ್ನು ಹೇಳಿ, ಉಳಿದ ಆ ಒಬ್ಬನಂತಾಗಬೇಕೆನ್ನುತ್ತಾನೆ. ತಾನೇ ಕಾಯಿಲೆ ಬಿದ್ದಾಗ ವೈದ್ಯನನ್ನು ಕರೆಸಲು ಒಪ್ಪದೆ, ಶಿಲುಬೆಯನ್ನು ಹಿಡಿದು ಸಾಯುತ್ತಾನೆ. ಅದು ಪ್ಲೇಗೇ ಎಂದು ಹೇಳುವಂತಿಲ್ಲದೆ, ಸಂದಿಗ್ಧವೆಂದು ದಾಖಲಾಗುತ್ತದೆ. ಇದು ಪರಿಪೂರ್ಣ ಶರಣಾಗತಿಯೋ, ಶರಣಾಗತಿಯ ವೇಷದಲ್ಲಿ ಹಿಂದಿರುಗಿದ ಗರ್ವವೋ? ಕನ್ನಡದ ವಾಚಕನಿಗೆ ಅನಂತಮೂರ್ತಿಯವರ ‘ಸಂಸ್ಕಾರ’ (1965) ಇಲ್ಲಿ ನೆನಪಾಗದಿರದು. ರೋಗಿಷ್ಠೆಯನ್ನು ಮದುವೆಯಾಗಿ ಸೇವೆಮಾಡುವುದನ್ನೇ ಮೋಕ್ಷಸಾಧನವೆಂದು ಭಾವಿಸಿದ ಪ್ರಾಣೇಶಾಚಾರ್ಯನ ತ್ಯಾಗದಲ್ಲಿಯೂ ಇಂಥದೇ ಒಂದು ಸೂಕ್ಷ್ಮ ಗರ್ವವು ಅಡಗಿತ್ತು. ಕಾಮೂ ಈ ಪ್ರಶ್ನೆಗೆ ಉತ್ತರ ಹೇಳುವುದಿಲ್ಲ. ಹಾಗೆಂದು ಅವನ ನ್ಯಾಯ ಸಮತೂಕವಾದುದೆಂದೂ ಹೇಳಲಾಗದು. ದುಡಿಯುತ್ತಲೇ ಪ್ರಾರ್ಥಿಸುವ, ವೈದ್ಯನನ್ನೂ ಕರೆಸುವ ಸಾಮಾನ್ಯ ಕ್ರೈಸ್ತನೊಬ್ಬನಿಗೆ ಈ ಕೃತಿಯಲ್ಲಿ ಎಡೆ ದೊರೆತಿಲ್ಲ. ರಿಯೂ ನೆನೆದ ಆ ಹಳ್ಳಿಯ ಪಾದ್ರಿ ಮಾತಿನಲ್ಲಿ ಬರುತ್ತಾನೆಯೇ ಹೊರತು ಕಥೆಯೊಳಗೆ ಕಾಲಿಡುವುದಿಲ್ಲ.

ಗರ್ವದ ಪರೀಕ್ಷೆಯಿಂದ ನಾಸ್ತಿಕರಿಗೂ ವಿನಾಯಿತಿಯಿಲ್ಲ. ದೇವರಿಲ್ಲದೆ ಸಂತನಾಗಬಹುದೆ ಎಂಬುದು ತಾರೂವಿನ ಚಿಂತೆ. ಸಂತತ್ವ ತನಗೆ ರುಚಿಸದು, ಮನುಷ್ಯನಾಗಿರುವುದಷ್ಟೇ ತನಗೆ ಬೇಕು ಎಂದು ರಿಯೂ ಹೇಳಿದಾಗ, ಹಾಗಾದರೆ ತನ್ನ ಆಸೆಯೇ ಚಿಕ್ಕದೆಂದು ತಾರೂ ಉತ್ತರಿಸುತ್ತಾನೆ. ಈ ನಗೆಮಾತಿನಲ್ಲಿ ಆಳವಾದ ವಿವೇಕವಿದೆ: ವಿನಯದ ಪದವಿಗೂ ಪೈಪೋಟಿ ನಡೆಯಬಲ್ಲದು. ಕಥಾನಾಯಕನೊಬ್ಬ ಬೇಕೇ ಬೇಕೆಂದಾದರೆ ಕಾದಂಬರಿ ಮುಂದಿಡುವುದು ಗ್ರಾಂ ಎಂಬ ಬಡ ಗುಮಾಸ್ತನನ್ನು. ಒಂದೇ ವಾಕ್ಯವನ್ನು ಮತ್ತೆ ಮತ್ತೆ ತಿದ್ದುತ್ತ, ಬಿಡುವಿನಲ್ಲಿ ಪ್ಲೇಗಿನ ಲೆಕ್ಕಗಳನ್ನು ಬರೆದಿಡುವವನು ಅವನು. ಕಥೆಯನ್ನು ಹೇಳುತ್ತಿದ್ದವನು ರಿಯೂ ಎಂಬುದು ಸಹ ಕೊನೆಗೆ ಮಾತ್ರ ತಿಳಿಯುತ್ತದೆ. ಅಲ್ಲಿಯವರೆಗೆ ಅವನು ತನ್ನನ್ನು ಪ್ರಥಮ ಪುರುಷದಲ್ಲಿಟ್ಟೇ ಬರೆದಿದ್ದಾನೆ.

ಇಷ್ಟಾದರೂ ಕೃತಿಯ ‘ನಾವು’ ಎಷ್ಟು ಅಗಲವಾದುದೆಂಬ ಪ್ರಶ್ನೆ ಉಳಿಯುತ್ತದೆ. ಮರಾಠಿಯಲ್ಲಿ ‘ಆಮ್ಹಿ’, ‘ಆಪಣ’ ಎಂದೂ, ತೆಲುಗಿನಲ್ಲಿ ‘ಮೇಮು’, ‘ಮನಮು’ ಎಂದೂ, ತಮಿಳಿನಲ್ಲಿ ‘ನಾಂಗಳ್’, ‘ನಾಮ್’ ಎಂದೂ, ಕೇಳುವವನನ್ನು ಹೊರಗಿಟ್ಟ ‘ನಾವು’ ಬೇರೆ, ಒಳಗೊಂಡ ‘ನಾವು’ ಬೇರೆ. ಇಂದಿನ ಕನ್ನಡದಲ್ಲಿಯೂ ಫ್ರೆಂಚಿನಲ್ಲಿಯೂ ಎರಡಕ್ಕೂ ಒಂದೇ ಮಾತು. ಆ ಒಂದೇ ಮಾತಿನ ಮರೆಯಲ್ಲಿ ಯಾರು ಹೊರಗುಳಿದರೆಂಬುದು ಸುಲಭವಾಗಿ ಕಾಣದು. ಪತ್ರಿಕೋದ್ಯೋಗಿ ರಾಂಬೇರ್ ಓರಾನಿಗೆ ಬಂದದ್ದು ಅಲ್ಲಿಯ ಅರಬರ ಜೀವನಸ್ಥಿತಿಯನ್ನು ವಿಚಾರಿಸಲೆಂದು. ಆದರೆ ಆ ವಿಚಾರಣೆ ಮೊದಲ ಪುಟಗಳಲ್ಲಿಯೇ ಮರೆತುಹೋಗುತ್ತದೆ. ಹೆಸರುಳ್ಳ ಅರಬನೊಬ್ಬನೂ ಈ ಕಥೆಯಲ್ಲಿ ನರಳುವುದಿಲ್ಲ, ಸಾಯುವುದಿಲ್ಲ. ಕಾನರ್ ಕ್ರೂಸ್ ಓಬ್ರಿಯನ್ 1970ರಲ್ಲಿ ಎತ್ತಿದ ಈ ಆಕ್ಷೇಪವನ್ನು ತಳ್ಳಿಹಾಕಲಾಗದು. ಪಾದ್ರಿಯನ್ನು ಪೀಠದಿಂದ ಇಳಿಸಿದ ಲೇಖಕನ ಕಾಲಡಿಯಲ್ಲಿಯೂ, ಅವನಿಗರಿವಿಲ್ಲದಂತೆ, ಒಂದು ಪೀಠವಿದ್ದಿತು.

ಇದರಿಂದ ಕೃತಿಯ ಬೆಲೆ ಕುಗ್ಗುವುದಿಲ್ಲ. ಅದು ಕಲಿಸಿದ ಪಾಠವೇ ಅದರ ಮೇಲೂ ಅನ್ವಯಿಸುತ್ತದೆ. ಪ್ಯಾರಿಸ್ಸಿನ ಡೊಮಿನಿಕನ್ ಸಂನ್ಯಾಸಿಗಳ ಮುಂದೆ ಮಾತನಾಡುವಾಗ ಕಾಮೂ, ಕ್ರೈಸ್ತಸತ್ಯವು ಭ್ರಮೆಯೆಂದು ತಾನು ಹೇಳಹೊರಟಿಲ್ಲ, ತನಗೆ ಅದರೊಳಗೆ ಪ್ರವೇಶ ದೊರೆಯಲಿಲ್ಲ ಎಂದಷ್ಟೇ ಹೇಳಬಲ್ಲೆ ಎಂದಿದ್ದನು. ನಂಬಿಕೆಯುಳ್ಳವನು ಇದೇ ತೂಕದ ಮಾತನ್ನು ತನ್ನ ಕಡೆಯಿಂದ ಆಡಬಲ್ಲನಾದರೆ ಗರ್ವಿ ಯಾರೆಂಬ ಹಳೆಯ ವ್ಯಾಜ್ಯಕ್ಕೆ ಹೆಚ್ಚು ಕೆಲಸ ಉಳಿಯುವುದಿಲ್ಲ. ಇಬ್ಬರ ಮುಂದೆಯೂ ಉಳಿಯುವುದು ರೋಗಿಯ ಹಾಸಿಗೆ, ಮತ್ತು ಅಲ್ಲಿ ಯಾವ ಸರ್ವನಾಮದಿಂದ ಮಾತು ಆರಂಭಿಸಬೇಕೆಂಬ ಪ್ರಶ್ನೆ.