ಪತ್ರಿಕಾಕರ್ತ ಗುಂಡಪ್ಪನವರು: ಒಂದು ವಿಮರ್ಶೆ

ಡಿ. ವಿ. ಗುಂಡಪ್ಪನವರ ಹೆಸರನ್ನೆತ್ತಿದೊಡನೆ ನಮ್ಮ ವಿದ್ಯಾರ್ಥಿಗಳಿಗೆ ನೆನಪಾಗುವುದು ‘ಮಂಕುತಿಮ್ಮನ ಕಗ್ಗ’. ಯಲಹಂಕದಿಂದ ಹೆಬ್ಬಾಳಕ್ಕೆ ಬರುವ ದಾರಿಯಲ್ಲಿ ಆಟೋರಿಕ್ಷಾಗಳ ಬೆನ್ನಿನ ಮೇಲೂ ಅದರ ಸಾಲುಗಳು ಕಾಣಸಿಗುತ್ತವೆ. ಅದೇ ದಾರಿಯ ಇನ್ನೊಂದು ದಿಕ್ಕಿಗೆ ಹೋದರೆ ಸಿಗುವ ದೇವನಹಳ್ಳಿಯೇ ಅವರ ಹೆಸರಿನ ಮೊದಲ ಅಕ್ಷರವೆಂಬುದನ್ನು ಬಲ್ಲವರು ಕಡಮೆ. ಕಗ್ಗವು 1943ರಲ್ಲಿ ಪ್ರಕಟವಾದಾಗ ಕರ್ತೃವಿಗೆ ಐವತ್ತಾರು ವರ್ಷ. ಅದಕ್ಕೆ ಹಿಂದೆ ಮೂರು ದಶಕಗಳಿಗೂ ಮಿಕ್ಕ ಕಾಲ ಅವರ ಮುಖ್ಯ ಕಾಯಕ ರಾಜಕೀಯ, ಆಡಳಿತ, ಆರ್ಥಿಕ ವಿಷಯಗಳನ್ನು ಕುರಿತ ಪತ್ರಿಕಾ ಬರವಣಿಗೆ. ಕವಿಯ ಕೀರ್ತಿ ಪತ್ರಿಕಾಕರ್ತನನ್ನು ಮರೆಮಾಡಿದೆ. ಇತಿಹಾಸ ವಿದ್ಯಾರ್ಥಿಗೆ ಇದರಿಂದ ಆಗಿರುವ ನಷ್ಟ ಸಣ್ಣದಲ್ಲ.

ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನೂ ದಾಟದ ತರುಣ ಈ ಉದ್ಯೋಗಕ್ಕೆ ಇಳಿದ ಕಾಲ ಅನುಕೂಲದ್ದಾಗಿರಲಿಲ್ಲ. 1908ರಲ್ಲಿ ಮೈಸೂರು ಸರ್ಕಾರವು ಪತ್ರಿಕಾ ನಿಬಂಧನೆಯನ್ನು ಜಾರಿಗೆ ತಂದಿತು. ಹಲವು ಪತ್ರಿಕೆಗಳು ನಿಂತುಹೋದುವು. ಅಂಥ ವಾತಾವರಣದಲ್ಲಿ, ವಿಶ್ವೇಶ್ವರಯ್ಯನವರ ದಿವಾನಗಿರಿಯ ಆರಂಭದ ದಿನಗಳಲ್ಲಿ, ಗುಂಡಪ್ಪನವರು ‘ಕರ್ನಾಟಕ’ವೆಂಬ ಇಂಗ್ಲಿಷ್ ಅರ್ಧವಾರಪತ್ರಿಕೆಯನ್ನು ಹೊರಡಿಸಿದರು. ಮೈಸೂರು ಬ್ಯಾಂಕು (1913), ವಿಶ್ವವಿದ್ಯಾನಿಲಯ (1916), ಹಿಂದುಳಿದ ವರ್ಗಗಳ ಪ್ರಾತಿನಿಧ್ಯವನ್ನು ವಿಚಾರಿಸಿದ ಮಿಲ್ಲರ್ ಸಮಿತಿ (1918), ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಸಿದ್ಧತೆ, ಇವೆಲ್ಲ ಅದರ ಆಯುಷ್ಯದೊಳಗೆ ನಡೆದುವು. ಆಧುನಿಕ ಮೈಸೂರು ರೂಪುಗೊಳ್ಳುತ್ತಿದ್ದಾಗ ಅದನ್ನು ವಾರಕ್ಕೆರಡು ಸಲ ಪರೀಕ್ಷಿಸಿದ ಕಣ್ಣು ಅದು.

ಅನಂತರದ ಕನ್ನಡ ಪತ್ರಿಕೆಯ ಹೆಸರೇ ಒಂದು ವಾದವೆನ್ನಬಹುದು: ‘ಕರ್ನಾಟಕ ಜನಜೀವನ ಮತ್ತು ಅರ್ಥಸಾಧಕ ಪತ್ರಿಕೆ’. ಹೆಸರು ಉದ್ದವಾಯಿತೆಂದು ನಗುವವರು ನಗಲಿ. ಜನಜೀವನವನ್ನೂ ಅರ್ಥಸಾಧನೆಯನ್ನೂ ಒಂದೇ ಹೆಸರಿನಲ್ಲಿ ಕಟ್ಟಿದುದರಲ್ಲಿ, ಹಣಕಾಸಿನ ವಿಚಾರ ಅಧಿಕಾರಿಗಳ ಸ್ವತ್ತಲ್ಲ, ರಾಜ್ಯವ್ಯವಸ್ಥೆಯಿಂದ ಬೇರೆಯೂ ಅಲ್ಲ ಎಂಬ ನಿಲುವು ಅಡಗಿದೆ. ಸಂಸ್ಥಾನದಲ್ಲಿ ಈ ಎರಡು ಹೇಗೆ ಹೆಣೆದುಕೊಂಡಿದ್ದುವೆಂಬುದಕ್ಕೆ ಬ್ರಿಟಿಷರಿಗೆ ಸಲ್ಲುತ್ತಿದ್ದ ಪೊಗದಿಯೇ ಸಾಕ್ಷಿ. 1881ರಲ್ಲಿ ಇಪ್ಪತ್ತನಾಲ್ಕೂವರೆ ಲಕ್ಷವಿದ್ದ ಅದು 1896ರಿಂದ 35 ಲಕ್ಷಕ್ಕೇರಿತು. ಮೈಸೂರಿನ ಆಯವ್ಯಯವನ್ನು ಚರ್ಚಿಸಹೊರಟವನು ಸಾರ್ವಭೌಮತ್ವದ ಪ್ರಶ್ನೆಗೆ ಬಂದೇ ತೀರಬೇಕಾಗಿತ್ತು. ದೇಶೀಯ ಸಂಸ್ಥಾನಗಳ ಸ್ಥಾನಮಾನವನ್ನು ಕುರಿತು ಗುಂಡಪ್ಪನವರು ಮತ್ತೆ ಮತ್ತೆ ಬರೆದುದರ ಔಚಿತ್ಯ ಇಲ್ಲಿ ತಿಳಿಯುತ್ತದೆ.

ಇನ್ನು ಕೊರತೆಗಳು. ಮೊದಲನೆಯದು ಭಾಷೆಯದು. ಕಂದಾಯ ತೆತ್ತ ಯಲಹಂಕದ ರೈತ ‘ಕರ್ನಾಟಕ’ವನ್ನು ಓದಬಲ್ಲವನಾಗಿರಲಿಲ್ಲ, ಅದು ಆಳುವವರನ್ನು ಉದ್ದೇಶಿಸಿ ಆಳುವವರ ಭಾಷೆಯಲ್ಲಿ ಮಾತನಾಡಿತು. ಎರಡನೆಯದು ಮಾರ್ಗದ್ದು. ಅವರು ಗೋಖಲೆಯವರ ಅನುಯಾಯಿ. ಯುಕ್ತಿ, ಅಂಕಿ ಅಂಶ, ವಿನಯ, ಇವುಗಳಿಂದ ಸರ್ಕಾರವನ್ನು ಒಲಿಸಬಹುದೆಂಬ ನಂಬಿಕೆ ಅವರದು. 1938ರಲ್ಲಿ ವಿದುರಾಶ್ವತ್ಥದಲ್ಲಿ ಜನ ಗುಂಡಿಗೆ ಎದೆಯೊಡ್ಡಿದಾಗ ಆ ಧಾಟಿ ಸಾಲದಾಯಿತು. ಆ ಹೊತ್ತಿನ ಧ್ವನಿ ಪಿ. ಆರ್. ರಾಮಯ್ಯನವರ ‘ತಾಯಿನಾಡು’, ತಿ. ತಾ. ಶರ್ಮರ ‘ವಿಶ್ವಕರ್ನಾಟಕ’ಗಳಲ್ಲಿ ಕೇಳಿಸಿತು. ಮೂರನೆಯದನ್ನು ಅವರ ಅಭಿಮಾನಿಗಳು ಒಪ್ಪಲಾರರೇನೋ. 1926ರಿಂದ 1940ರವರೆಗೆ ಅವರು ನ್ಯಾಯವಿಧಾಯಕ ಸಭೆಯ ಸದಸ್ಯರಾಗಿದ್ದರು. ಸಭೆಯೊಳಗೆ ಕುಳಿತವನು ಸಭೆಯನ್ನು ಹೊರಗಿನಿಂದ ನೋಡುವ ಸ್ವಾತಂತ್ರ್ಯವನ್ನು ಎಷ್ಟು ಉಳಿಸಿಕೊಂಡಾನು? ಗುಂಡಪ್ಪನವರಂಥ ನಿಷ್ಠುರರು ಹೆಚ್ಚಾಗಿಯೇ ಉಳಿಸಿಕೊಂಡಿರಬಹುದು. ಆದರೂ ಆ ವರ್ಷಗಳ ಬರಹವನ್ನು ಪಾತ್ರಧಾರಿಯ ಬರಹವೆಂದೇ ಓದಬೇಕು.

ನನ್ನ ಮುಖ್ಯ ಆಕ್ಷೇಪಣೆ ಗುಂಡಪ್ಪನವರ ಮೇಲಲ್ಲ, ನಮ್ಮ ಮೇಲೆ. ಮೈಸೂರಿನ ದಿವಾನರನ್ನು ಕುರಿತು ಪ್ರಬಂಧ ಬರೆಯುವ ವಿದ್ಯಾರ್ಥಿ ಇಂದು ನೇರವಾಗಿ ‘ಜ್ಞಾಪಕ ಚಿತ್ರಶಾಲೆ’ಯನ್ನು ತೆರೆಯುತ್ತಾನೆ, ಅಧ್ಯಾಪಕರಾದ ನಾವೂ ಅದನ್ನೇ ಸೂಚಿಸುತ್ತೇವೆ. ಎಂಟು ಸಂಪುಟಗಳ ಆ ಗ್ರಂಥದ ಗದ್ಯ ಅಷ್ಟು ಚೆಲುವಾದುದು. ಆದರೆ ಅದು ಇಳಿವಯಸ್ಸಿನ ಸ್ಮರಣೆ. ಕಾಲ ಕಹಿಯನ್ನು ತೊಳೆದಿದೆ. ಬರೆಯುವವನಿಗೆ ಕಥೆಯ ಕೊನೆ ಗೊತ್ತಿದೆ. ಪತ್ರಿಕೆಯ ಬರಹಕ್ಕೆ ಆ ಸೌಲಭ್ಯವಿಲ್ಲ. ಭದ್ರಾವತಿಯ ಕಾರ್ಖಾನೆ ಲಾಭ ತಂದೀತೋ ನಷ್ಟ ತಂದೀತೋ ತಿಳಿಯದ ದಿನವೇ ಅಭಿಪ್ರಾಯ ಹೇಳಬೇಕು. ತಪ್ಪಿದರೆ ಅಚ್ಚಾದ ತಪ್ಪು ಉಳಿಯುತ್ತದೆ. ಇತಿಹಾಸಕಾರನಿಗೆ ಬೇಕಾದುದು ಈ ಅನಿಶ್ಚಯವೇ. ಒಬ್ಬನೇ ಲೇಖಕ ಒಬ್ಬನೇ ದಿವಾನನನ್ನು ಕುರಿತು, ಮೊದಲು ಅಧಿಕಾರದ ಎದುರಿಗೆ ನಿಂತು, ಮತ್ತೆ ಅರ್ಧ ಶತಮಾನದ ಆಚೆಯಿಂದ ಬರೆದಿರುವಾಗ, ನಾವು ಎರಡನೆಯದನ್ನು ಮಾತ್ರ ಓದಿ ತೃಪ್ತರಾಗಿದ್ದೇವೆ. ಎಂ. ಎ. ತರಗತಿಯ ಮುಂದಿನ ಪ್ರಬಂಧಗಳಲ್ಲಿ ಒಂದಾದರೂ ಈ ಎರಡನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಂಡು, ವಿಶ್ವೇಶ್ವರಯ್ಯನವರ ಅಧ್ಯಾಯದಿಂದ ಆರಂಭವಾಗಲಿ.