ಕಲ್ಲಿನಲ್ಲಿದ್ದರೆ ಸಾಕೆ ಪೊಟ್ಯಾಷ್?

ರಾಮನಗರದ ಗ್ರಾನೈಟ್ ಬಂಡೆಗಳಲ್ಲಿ ಎದ್ದು ಕಾಣುವ ನಸುಗೆಂಪು ಹರಳುಗಳು ಪೊಟ್ಯಾಸಿಯಮ್ ಫೆಲ್ಡ್‌ಸ್ಪಾರ್. ಶುದ್ಧವಾಗಿದ್ದರೆ ಅದರ ತೂಕದಲ್ಲಿ ಶೇ. 16.9ರಷ್ಟು ಪೊಟ್ಯಾಸಿಯಮ್ ಆಕ್ಸೈಡ್ ಇರುತ್ತದೆ. ನಾವಾದರೋ ಪೊಟ್ಯಾಷ್ ಗೊಬ್ಬರಕ್ಕೆ ಹೊರದೇಶಗಳನ್ನು ನಂಬಿದ್ದೇವೆ. ಕಲ್ಲನ್ನೇ ಪುಡಿಮಾಡಿ ಹೊಲಕ್ಕೆ ಹಾಕಬಾರದೇಕೆ?

ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಡೇವಿಡ್ ಮ್ಯಾನಿಂಗ್ 2010ರಲ್ಲಿ ಪ್ರಕಟಿಸಿದ ಸಮೀಕ್ಷಾ ಲೇಖನ ಈ ಪ್ರಶ್ನೆಯನ್ನೇ ಎತ್ತಿಕೊಂಡಿದೆ. 2007-2009ರಲ್ಲಿ ಪೊಟ್ಯಾಷ್ ಬೆಲೆ ನಾಲ್ಕು ಪಟ್ಟು ಏರಿದ್ದು ಅದರ ಹಿನ್ನೆಲೆ. ಖನಿಜದಲ್ಲಿ ಎಷ್ಟು ಪೊಟ್ಯಾಸಿಯಮ್ ಇದೆ ಎನ್ನುವುದಕ್ಕಿಂತ ಅದು ಎಷ್ಟು ಬೇಗ ಬಿಡುಗಡೆಯಾಗುತ್ತದೆ ಎನ್ನುವುದೇ ಮುಖ್ಯವೆಂದು ಲೇಖಕರು ವಾದಿಸುತ್ತಾರೆ. ಲೇಖನದ ದೊಡ್ಡ ಗುಣ ಇದೇ.

ಫೆಲ್ಡ್‌ಸ್ಪಾರ್‌ನಲ್ಲಿ ಸಿಲಿಕಾನ್, ಅಲ್ಯುಮಿನಿಯಮ್ ಮತ್ತು ಆಕ್ಸಿಜನ್ ಸೇರಿ ಮೂರು ಆಯಾಮದ ಹಂದರ ಕಟ್ಟಿರುತ್ತವೆ. ಪೊಟ್ಯಾಸಿಯಮ್ ಅಯಾನು ಅದರ ಪೊಳ್ಳುಗಳಲ್ಲಿ ಕುಳಿತಿದೆ. ಹಂದರ ಮುರಿಯದೆ ಅದು ಹೊರಬರಲಾರದು. ಅಭ್ರಕದಲ್ಲಿ ಹಾಗಲ್ಲ. ಅಲ್ಲಿ ಪೊಟ್ಯಾಸಿಯಮ್ ಪದರಗಳ ನಡುವೆ ಇರುವುದರಿಂದ ಬೇರೆ ಅಯಾನುಗಳು ಅದರ ಜಾಗ ಹಿಡಿಯಬಲ್ಲವು. ನೆಫೆಲೀನ್‌ನದೂ ಹಂದರವೇ. ಆದರೆ ಅದರಲ್ಲಿ ಅಲ್ಯುಮಿನಿಯಮ್ ಪಾಲು ಹೆಚ್ಚು, ಆಮ್ಲಕ್ಕೆ ಸುಲಭವಾಗಿ ಸೋಲುತ್ತದೆ. ಹೀಗಾಗಿ ಅದು ಪೊಟ್ಯಾಸಿಯಮ್ ಫೆಲ್ಡ್‌ಸ್ಪಾರ್‌ಗಿಂತ 100 ಪಟ್ಟು ವೇಗವಾಗಿ ಕರಗುತ್ತದೆಂದು ಮ್ಯಾನಿಂಗ್ ಹೇಳುತ್ತಾರೆ.

ಇಲ್ಲಿ ನನ್ನದೊಂದು ತಕರಾರಿದೆ. ಕರಗುವ ವೇಗವನ್ನು ಅಳೆದಿರುವುದು ಬಹುಮಟ್ಟಿಗೆ ಪ್ರಯೋಗಾಲಯದ ದ್ರಾವಣಗಳಲ್ಲಿ. ಹೊಲದಲ್ಲಿ ಬೇರು ಪೊಟ್ಯಾಸಿಯಮನ್ನು ಹೀರುತ್ತಲೇ ಇರುತ್ತದೆ, ಆಮ್ಲಗಳನ್ನೂ ಸ್ರವಿಸುತ್ತದೆ. 100 ಎಂಬ ಅಂಕಿಯನ್ನು ಹಾಗೇ ಮಣ್ಣಿಗೆ ಅನ್ವಯಿಸುವಂತಿಲ್ಲ. ಜೊತೆಗೆ ಸಾಮಾನ್ಯ ನೆಫೆಲೀನ್‌ನಲ್ಲಿ ಒಂದು ಪೊಟ್ಯಾಸಿಯಮ್‌ಗೆ ಮೂರರಷ್ಟು ಸೋಡಿಯಮ್ ಇರುತ್ತದೆ. ತಮಿಳುನಾಡಿನ ಶಿವಮಲೆಯಲ್ಲಿ ನೆಫೆಲೀನ್ ಸಯನೈಟ್ ಇದೆಯೆಂದು ಹಿಗ್ಗುವ ಮೊದಲು, ಚೌಳು ಮಣ್ಣಿನ ರೈತನನ್ನು ನೆನೆಯುವುದು ಒಳ್ಳೆಯದು!

ಸಣ್ಣದೊಂದು ಲೆಕ್ಕವನ್ನು ತರಗತಿಯಲ್ಲಿ ಮಾಡಿಸಬಹುದು. ಹೆಕ್ಟೇರಿಗೆ 60 ಕಿಲೋ ಪೊಟ್ಯಾಸಿಯಮ್ ಆಕ್ಸೈಡ್ ಬೇಕೆನ್ನಿ. ಶೇ. 60ರ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಆದರೆ 100 ಕಿಲೋ ಸಾಕು. ಶೇ. 5ರ ಗ್ರಾನೈಟ್ ಪುಡಿಯಾದರೆ 1,200 ಕಿಲೋ. ಅದೂ ಇದ್ದದ್ದೆಲ್ಲ ಒಂದೇ ಹಂಗಾಮಿನಲ್ಲಿ ಬಿಡುಗಡೆಯಾದರೆ. ಸಾಗಣೆ ವೆಚ್ಚ ಬೇರೆ.

ಬೆಳೆ ಪ್ರಯೋಗಗಳು ಕಡಿಮೆ ಎಂದು ಲೇಖಕರೇ ಒಪ್ಪುತ್ತಾರೆ. ಸಂಖ್ಯೆಗಿಂತ ವಿನ್ಯಾಸ ನನಗೆ ಮುಖ್ಯವಾಗಿ ಕಾಣುತ್ತದೆ. ಕಲ್ಲಿನ ಪುಡಿ ಸುಣ್ಣಾಂಶ, ಮೆಗ್ನೀಸಿಯಮ್, ಸಿಲಿಕಾನ್‌ಗಳನ್ನೂ ತರಬಲ್ಲದು. ಮಣ್ಣಿನ ಹುಳಿಯನ್ನು ತಗ್ಗಿಸಲೂಬಹುದು. ಇಳುವರಿ ಏರಿದೊಡನೆ ಅದು ಪೊಟ್ಯಾಷ್‌ನ ಫಲವೆನ್ನಲಾಗದು. ಏನೂ ಹಾಕದ ಮಡಿ, ಪೊಟ್ಯಾಷ್ ಗೊಬ್ಬರ ಹಾಕಿದ ಮಡಿ ಎರಡೂ ಪಕ್ಕದಲ್ಲಿರಬೇಕು. ಗಿಡ ಹೀರಿದ ಪೊಟ್ಯಾಸಿಯಮನ್ನೂ ಅಳೆಯಬೇಕು.

ಬ್ರೆಜಿಲ್ 2013ರಲ್ಲಿ ಕಲ್ಲಿನ ಪುಡಿಗೆ ಕಾನೂನಿನ ಮಾನ್ಯತೆ ಕೊಟ್ಟಿತು. 2016ರ ನಿಯಮದಂತೆ ಅದರಲ್ಲಿ ಪೊಟ್ಯಾಸಿಯಮ್ ಆಕ್ಸೈಡ್ ಕನಿಷ್ಠ ಶೇ. 1 ಇರಬೇಕು. ಈ ಮಿತಿಯೂ ಎಷ್ಟಿದೆ ಎಂಬುದನ್ನಷ್ಟೇ ಹೇಳುತ್ತದೆ, ಎಷ್ಟು ಬೇಗ ಸಿಗುತ್ತದೆ ಎಂಬುದನ್ನಲ್ಲ.